ಬೆರಳು ಕೊಟ್ಟವರ ಛತ್ರ

ಆವತಿ,
ಗೌರಿಹಬ್ಬ ಕಳೆದ ಮೂರನೆಯ ದಿನ, ಗುರುವಾರ,
೨೪-೮-೧೯೪೪

ಪ್ರೀತಿಯ ಅಣ್ಣಾ,

ನಿನ್ನ ಒಡಹುಟ್ಟಿದ ತಂಗಿ ಅಂಜಿನಮ್ಮ ಮಾಡುವ ನಮಸ್ಕಾರ. ನಿನ್ನ ಆರೋಗ್ಯ ಹೇಗಿದೆ? ಸಿಹಿಮೂತ್ರದ ಕಾಯಿಲೆಗೆ ದಿನಾ ಸೂಜಿ ಚುಚ್ಚಿಸಿಕೊಳ್ಳುತ್ತೀಯೆಂದು ನಿನ್ನ ಮೋಟಾರು ಓಡಿಸುವ ಮುನಿಶಾಮಪ್ಪ ಹೇಳಿದ. ಚಿಕ್ಕಂದಿನಲ್ಲಿ ಕಾಲಿನ ಮುಳ್ಳು ತೆಗೆಯಲು ಅಮ್ಮ ಪಿನ್ನು ಹಿಡಿದರೆ ಹಿತ್ತಲು ದಾಟಿ ಓಡುತ್ತಿದ್ದವನು ನೀನು. ಈಗ ದಿನಾ ತೋಳು ಚಾಚುತ್ತೀಯಲ್ಲ, ಅಷ್ಟಾದರೂ ಧೈರ್ಯ ಬಂದಿದೆ, ಸಂತೋಷ. ಅತ್ತಿಗೆ ಅನುಸೂಯಮ್ಮನವರ ಮಂಡಿನೋವು ಹೇಗಿದೆ? ಅಷ್ಟೊಂದು ಮೆಟ್ಟಿಲಿನ ಬಂಗಲೆ ಕಟ್ಟಿಸಿ ಎಂದು ಅವರಿಗೆ ಹೇಳಿದವರು ನಾವಂತೂ ಅಲ್ಲ. ಇಲ್ಲಿ ನಾನು, ಮಗಳು ಮುತ್ಯಾಲು, ಅಮ್ಮ ಮೂವರೂ ಇದ್ದೇವೆ. ಹೊಲದಲ್ಲಿ ರಾಗಿ ಮೊಣಕಾಲುದ್ದ ಬಂದಿದೆ. ಲಕೋಟೆಯ ಮೇಲೆ 'ಶ್ರೀಮಾನ್ ಎ. ವೆಂಕಟರಾಯರಿಗೆ' ಎಂದೇ ಬರೆದಿದ್ದೇನೆ, ಗಾಬರಿಯಾಗಬೇಡ. ಹಿಂದಿನ ಸಲ ವೆಂಕಟರಾಯಪ್ಪ ಎಂದು ಬರೆದದ್ದಕ್ಕೆ ಅಂಥವರು ಈ ಕಚೇರಿಯಲ್ಲಿ ಯಾರೂ ಇಲ್ಲವೆಂದು ಕಾಗದ ಮೂರು ವಾರ ಅಲೆಯಿತಂತೆ. ನಮ್ಮಪ್ಪ ಇಟ್ಟ ಹೆಸರಿನ ತುದಿಯನ್ನು ನೀನು ಕತ್ತರಿಸಿ ಹಾಕಿ ಎಷ್ಟು ವರ್ಷವಾಯಿತೋ, ನಮಗೇ ಗೊತ್ತಿರಲಿಲ್ಲ.

ಆ ಕಾಗದಕ್ಕೆ ನಿನ್ನ ಉತ್ತರವೂ ಬಂತು. ಇಂಗ್ಲಿಷು, ಟೈಪು ಹೊಡೆದದ್ದು, ಕೆಳಗೆ ಯಾರೋ ಗುಮಾಸ್ತನ ರುಜು. ಶಾಲೆಯ ಮೇಷ್ಟರ ಹತ್ತಿರ ಓದಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ಕೊನೆಗೆ "ನಿಮ್ಮ ಅರ್ಜಿ ತಲುಪಿದೆ, ಪರಿಶೀಲನೆಯಲ್ಲಿದೆ ಅಂತ ಐತಮ್ಮ" ಎಂದರು. ಹೆತ್ತ ತಾಯಿಯ ವಿಷಯಕ್ಕೆ ತಂಗಿ ಬರೆದದ್ದು ಅರ್ಜಿಯಾಯಿತು. ಭಲೆ! ಹಿಂದೆಯೇ ಗೌರಿಹಬ್ಬಕ್ಕೆಂದು ಐವತ್ತು ರೂಪಾಯಿ ಮನಿಯಾರ್ಡರು ಬಂತು. ಅದನ್ನು ವಾಪಸು ಕಳುಹಿಸಿದ್ದೇನೆ, ಸಿಕ್ಕಿರಬಹುದು. ಅದಕ್ಕೇ ಈ ಸಲ ಮೇಷ್ಟರೂ ಬೇಡ, ಯಾರೂ ಬೇಡವೆಂದು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕಣದ ಮರಳಿನ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದವನು ನೀನೇ.

ಈಗ ವಿಷಯ ಕೇಳು. ಬರುವ ಶುಕ್ರವಾರ, ಸೆಪ್ಟೆಂಬರ್ ಒಂದನೆಯ ತಾರೀಕು, ಬೆಳಗ್ಗೆ ಹನ್ನೊಂದರೊಳಗೆ ನೀನು ಆವತಿಗೆ ಬರಬೇಕು. ನಮ್ಮ ಮನೆಯ ಜಗಲಿಯ ಮೇಲೆ ಐದು ಜನ ಹಿರಿಯರ ಎದುರು ಕುಳಿತು, ಅಮ್ಮ ತನ್ನ ಕೈಯಾರೆ ಕಟ್ಟಿ ಕೊಟ್ಟ ಒಂದು ಮುದ್ದೆ ಉಣ್ಣಬೇಕು. ಅಷ್ಟೇ ಕೆಲಸ. ಆಮೇಲೆ ಮೋಟಾರು ಹತ್ತಿ ಹೋಗು, ಕೈ ತೊಳೆಯಲು ಸೋಪು ಬೇಕಿದ್ದರೆ ತಂದುಕೋ. ನೀನು ಬಂದು ಉಂಡರೆ ಮುತ್ಯಾಲುವಿಗೆ ಸೂಲಿಬೆಲೆಯ ಬೈರಣ್ಣನ ಮಗನ ಸಂಬಂಧ ಉಳಿಯುತ್ತದೆ. ಬಾರದಿದ್ದರೆ ಅದು ಮುರಿಯುತ್ತದೆ, ಇನ್ನೊಂದು ಬರುವುದೂ ಇಲ್ಲ, ಎಪ್ಪತ್ತೇಳು ವರ್ಷದ ಅಮ್ಮ ದೊಡ್ಡ ರೋಗದವಳು ಎನ್ನಿಸಿಕೊಂಡೇ ಸಾಯುತ್ತಾಳೆ. ಇದಕ್ಕೆಲ್ಲ ಕಾರಣ ನೀನು ಏಪ್ರಿಲ್ ತಿಂಗಳಲ್ಲಿ ನಿನ್ನ ಬಂಗಲೆಯ ಹಜಾರದಲ್ಲಿ ಆಡಿದ ಒಂದು ಮಾತು. ನಿನಗೆ ನೆನಪಿರಲಾರದು. ದೊಡ್ಡವರಿಗೆ ಆಡಿದ ಮಾತೆಲ್ಲ ನೆನಪಿರಬೇಕೆಂದು ಯಾರೂ ಕೇಳುವುದಿಲ್ಲ. ನಾನೇ ನೆನಪು ಮಾಡಿಕೊಡುತ್ತೇನೆ, ಮೊದಲಿನಿಂದ.

ನೀನು ಚೊಚ್ಚಲ. ನಿನಗೆ ಕಿವಿ ಚುಚ್ಚಬೇಕಾದರೆ ನಮ್ಮ ಕುಲದಲ್ಲಿ ತಾಯಾದವಳು ದೇವರಿಗೆ ಬೆರಳು ಕೊಡಬೇಕಿತ್ತು. ಆಗಲೇ ಸರ್ಕಾರ ಬೇಡವೆಂದಿತ್ತಂತೆ, ಕೆಲವರು ಬೆರಳಿಗೆ ಚಿನ್ನದ ತಂತಿ ಸುತ್ತಿ ಬಿಚ್ಚಿ ಮುಗಿಸುತ್ತಿದ್ದರಂತೆ. ನಮ್ಮಮ್ಮ ಕೇಳಲಿಲ್ಲ. ಮಗು ಹುಟ್ಟಿ ಆರು ತಿಂಗಳು ಉಸಿರಿಗೆ ಕಷ್ಟಪಟ್ಟಿತ್ತು, ತಂತಿ ಸುತ್ತಿ ದೇವರಿಗೆ ಮೋಸ ಮಾಡಿದರೆ ದೇವರೂ ನನಗೆ ಮೋಸ ಮಾಡಿಯಾನು ಎಂದಳಂತೆ. ಬಡಗಿ ಮಣೆಯ ಮೇಲೆ ಬಲಗೈ ಇಡಿಸಿ, ಉಂಗುರದ ಬೆರಳು, ಕಿರುಬೆರಳು ಎರಡರ ಮೊದಲ ಗೆಣ್ಣಿಗೆ ಉಳಿಯಿಟ್ಟು ಒಂದೊಂದೇ ಏಟು ಹಾಕಿದನಂತೆ. ಗಾಯವನ್ನು ಕಾದ ಎಣ್ಣೆಗೆ ಅದ್ದಿದರು. ಅಮ್ಮ ಕೂಗಲಿಲ್ಲವೆಂದೂ, ಕಿವಿ ಚುಚ್ಚಿದಾಗ ನೀನು ಮಾತ್ರ ಊರು ಹಾರಿಹೋಗುವ ಹಾಗೆ ಕೂಗಿದೆಯೆಂದೂ ಅಜ್ಜಿ ಸಾಯುವವರೆಗೂ ಹೇಳಿ ನಗುತ್ತಿದ್ದಳು. ಆಗ ಅಮ್ಮನಿಗೆ ಹತ್ತೊಂಬತ್ತು ವರ್ಷ. ಎರಡನೆಯವಳಾದ ನನ್ನ ಕಿವಿಗೆ ಅವಳು ಏನೂ ಕೊಡಬೇಕಾಗಿರಲಿಲ್ಲ, ಆ ಋಣ ನನ್ನ ಮೇಲಿಲ್ಲ.

ಆ ಕೈಯಲ್ಲಿ ಅವಳು ಕಟ್ಟಿದ ಮುದ್ದೆಗೆ ಒಂದು ಮಗ್ಗುಲು ತಗ್ಗು ಬೀಳುತ್ತದೆ. ನೆನಪಿದೆಯೇ? ಹಬ್ಬದಲ್ಲಿ ಹತ್ತು ಹೆಂಗಸರು ಕಟ್ಟಿದ ಮುದ್ದೆಗಳನ್ನು ಒಂದೇ ಮೊರದಲ್ಲಿ ಇಟ್ಟಿದ್ದರೂ ನೀನು ತಗ್ಗು ಹುಡುಕಿ ಅಮ್ಮನ ಮುದ್ದೆಯನ್ನೇ ಎತ್ತಿಕೊಳ್ಳುತ್ತಿದ್ದೆ, ಆ ತಗ್ಗಿಗೇ ಸಾರು ಬಿಡಿಸಿಕೊಳ್ಳುತ್ತಿದ್ದೆ. ಬೇರೆಯವರ ಮುದ್ದೆ ಕೊಟ್ಟರೆ ತಟ್ಟೆ ತಳ್ಳುತ್ತಿದ್ದೆ. ಆ ಹಟಮಾರಿ ಹುಡುಗ ನನಗೆ ಈಗಲೂ ಇಷ್ಟ, ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಅಪ್ಪ ಎರಡು ಜೊತೆ ಎತ್ತು ಮಾರಿ ನಿನ್ನನ್ನು ಬೆಂಗಳೂರಿಗೆ ಓದಲು ಕಳುಹಿಸಿದ. ನೀನು ಓದಿದೆ. ಯಾರದೋ ಬ್ಯಾಂಕಿನಲ್ಲಿ ಗುಮಾಸ್ತನಾದೆ, ಹತ್ತು ವರ್ಷ ಅವರ ಬೆನ್ನ ಹಿಂದೆ ನಿಂತು ಕಸುಬು ಕಲಿತೆ, ಮೂವತ್ತೆರಡಕ್ಕೆ ನಿನ್ನದೇ ಬ್ಯಾಂಕು ತೆರೆದೆ. ಜಾಣ, ಇಲ್ಲವೆನ್ನಲಾರೆ. ದೊಡ್ಡ ಬ್ಯಾಂಕುಗಳು ಓದುಬರಹ ಬಾರದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದಾಗ ನೀನು ರೈತರನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ಹೆಬ್ಬೆಟ್ಟಿನ ಜೊತೆಗೆ ಅವರವರ ಮೈಮೇಲಿನ ಗುರುತನ್ನೂ ಪಾಸುಪುಸ್ತಕದಲ್ಲಿ ಬರೆಸುವ ಪದ್ಧತಿ ನಿನ್ನದೇ. ಎಡಗೆನ್ನೆಯಲ್ಲಿ ಮಚ್ಚೆ, ಹಣೆಯಲ್ಲಿ ಎತ್ತು ಹಾಯ್ದ ಗಾಯ, ಹೀಗೆ. ಬೇರೆಯವರು ಬಂದು ದುಡ್ಡು ಎತ್ತದಿರಲಿ ಎಂದು. ಜನ ನಂಬಿದರು, ದುಡ್ಡು ತಂದು ಸುರಿದರು, ನೀನು ಸಾಹುಕಾರನಾದೆ. ಮೊದಲನೆಯ ಪುಸ್ತಕ ಯಾರ ಹೆಸರಿನಲ್ಲಿ ತೆರೆದೆ ಗೊತ್ತೇ? ಅಮ್ಮನ ಕೈಬೋಣಿ ಚೆನ್ನ ಎಂದು ಅವಳ ಹೆಸರನ್ನೇ, ಅಮ್ಮಯಮ್ಮ ಎಂದು ಬರೆದು ತೆರೆದೆ. ಆ ಪುಸ್ತಕ ನನ್ನ ಪೆಟ್ಟಿಗೆಯಲ್ಲಿದೆ. ಗುರುತು ಎನ್ನುವ ಕಡೆ ನಿನ್ನ ದುಂಡನೆಯ ಅಕ್ಷರದಲ್ಲಿ ಹೀಗಿದೆ: 'ಬಲಗೈಯ ಎರಡು ಬೆರಳಿಗೆ ತುದಿಯಿಲ್ಲ. ಮಗನಿಗಾಗಿ ದೇವರಿಗೆ ಕೊಟ್ಟದ್ದು.' ಮಗನಿಗಾಗಿ ಎಂದು ಯಾರೂ ಕೇಳದೆಯೇ ಬರೆದಿದ್ದೆ. ಆಗ ನಿನಗೆ ಹೆಮ್ಮೆಯಿತ್ತು.

ಯುದ್ಧ ಬಂತು, ಸರ್ಕಾರಕ್ಕೆ ದುಡ್ಡಿನ ಹಿಡಿತ ಗೊತ್ತಿರುವವರು ಬೇಕಾದರು, ಬ್ಯಾಂಕನ್ನು ಅಳಿಯನ ಕೈಗೆ ಕೊಟ್ಟು ನೀನು ಸಂಸ್ಥಾನದ ಹಣಕಾಸಿನ ಅಧಿಕಾರಿಯಾದೆ. ಊರಿಗೆಲ್ಲ ಸಕ್ಕರೆ ಹಂಚಿದೆವು, ಸಕ್ಕರೆಗೆ ರೇಷನ್ನು ಇದ್ದರೂ. ಹೊಸ ಬಂಗಲೆಗೆ ಹಾಲು ಉಕ್ಕಿಸಲು ಅಮ್ಮನನ್ನು ನೀನೇ ಬಂದು ಕರೆದುಕೊಂಡು ಹೋದೆ. ಅವಳಿಗೆ ಕಣ್ಣು ಮಂಜು, ಮೆಟ್ಟಿಲು ಕಾಣದು, ಒಂದು ತಿಂಗಳು ಸಾಕು ಎಂದೆ ನಾನು. ಇರಲಿ ಬಿಡೇ ಎಂದು ನೀನು ಅವಳ ಕೈ ಹಿಡಿದು ಮೋಟಾರಿಗೆ ಹತ್ತಿಸಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬಲಗೈಯನ್ನೇ ಹಿಡಿದಿದ್ದೆ.

ಏಪ್ರಿಲ್ ತಿಂಗಳಲ್ಲಿ ನಿನ್ನ ಮನೆಗೆ ದೊಡ್ಡ ದೊಡ್ಡವರೆಲ್ಲ ಟೀಗೆ ಬಂದರು. ಅಮ್ಮನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಹೊರಗೆ ಬರಬೇಡಿ ಎಂದು ಅತ್ತಿಗೆ ಹೇಳಿದ್ದರಂತೆ. ಮಗನ ಮನೆಗೆ ಬಂದವರಿಗೆ ಕೈಯಾರೆ ಏನೂ ಕೊಡದೆ ಕೂರುವುದು ಅಮ್ಮನಿಗೆ ಗೊತ್ತಿದ್ದರೆ ತಾನೇ? ಊರಿಂದ ತಂದಿದ್ದ ಹುರಿಗಾಳನ್ನು ಬೆಳ್ಳಿ ತಟ್ಟೆಗೆ ಸುರಿದುಕೊಂಡು ಹಜಾರಕ್ಕೆ ಬಂದುಬಿಟ್ಟಳು. ಒಬ್ಬ ದೊರೆಸಾನಿಯ ಎದುರು ನಿಂತು, ಹಿಡಿ ತುಂಬ ಕಾಳು ಎತ್ತಿ ಅವರ ಅಂಗೈಗೆ ಹಾಕಿದಳು. ದೊರೆಸಾನಿ ಕಾಳು ಬಿಟ್ಟು ಬೆರಳು ನೋಡಿದರು. ಏನಾಗಿದೆ ಇವರಿಗೆ ಎಂದು ಕೇಳಿದರು. ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಮುನಿಶಾಮಪ್ಪ ಎಲ್ಲ ಕೇಳಿಸಿಕೊಂಡ. ದಂಡಿನವರ ಮೋಟಾರು ಓಡಿಸಿದವನು, ಅವನಿಗೆ ಅಷ್ಟು ಇಂಗ್ಲಿಷು ಬರುತ್ತದೆ. ಇವರು ನನ್ನ ತಾಯಿ, ಹಿಂದೆ ಕುಷ್ಠವಾಗಿತ್ತು, ಗುಣವಾಗಿದೆ, ಆದರೂ ನಾನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ, ಹೀಗೆ ಹೇಳಿದೆಯಂತೆ. ಅಲ್ಲಣ್ಣಾ, ನಿನಗೆ ನಾಲಿಗೆ ಹೇಗೆ ಹೊರಳಿತು?

ಹೇಗೆ ಹೊರಳಿತೆಂದು ನಾನೇ ಯೋಚನೆ ಮಾಡಿದ್ದೇನೆ, ಬೇಕಾದಷ್ಟು ಹೊತ್ತಿದೆ ನನಗೆ. ಮಗನ ಕಿವಿ ಚುಚ್ಚಲು ಬೆರಳು ಕಡಿಸಿಕೊಂಡಳು ಎಂದರೆ ಅವರೆಲ್ಲ ಕಾಡುಜನ ಎಂದು ನಗುತ್ತಾರೆ. ಸರ್ಕಾರ ನಿಲ್ಲಿಸಿದ ಪದ್ಧತಿ, ಸರ್ಕಾರದ ಅಧಿಕಾರಿಯ ಮನೆಯಲ್ಲಿ. ರೋಗ ಎಂದರೆ ಮರುಕ ಹುಟ್ಟುತ್ತದೆ, ಜೊತೆಗೆ ಎಂಥ ಮಗ ಎಂಬ ಹೊಗಳಿಕೆಯೂ ಸಿಗುತ್ತದೆ. ಯಾವುದು ಲಾಭವೆಂದು ಬ್ಯಾಂಕಿನವನಿಗೆ ಹೇಳಿಕೊಡಬೇಕೇ? ಎಲ್ಲರೂ ನಿನ್ನನ್ನು ಹೊಗಳಿದರಂತೆ. ದೊರೆಸಾನಿಯ ಕಣ್ಣಲ್ಲಿ ನೀರು ಬಂತಂತೆ. ಅಮ್ಮನೂ ನಗುತ್ತಾ ನಿಂತಿದ್ದಳಂತೆ. ಮಗನನ್ನು ಹೊಗಳುತ್ತಿದ್ದಾರೆಂದು ಅವಳಿಗೂ ತಿಳಿದಿತ್ತು, ಯಾವುದಕ್ಕೆಂದು ತಿಳಿದಿರಲಿಲ್ಲ, ಅಷ್ಟೇ.

ಆದರೆ ಆ ದೊರೆಸಾನಿ ನಿಜವಾಗಿಯೂ ಒಳ್ಳೆಯವರು, ನಿನ್ನ ಗ್ರಹಚಾರ. ಪಿಲ್ಲಗುಂಪೆಯ ಆಚೆ ತೋಪಿನ ಮಧ್ಯೆ ಕುಷ್ಠರೋಗಿಗಳ ಆಶ್ರಮವಿದೆಯಲ್ಲ, ಅದರ ಕಮಿಟಿಯಲ್ಲಿ ಅವರೂ ಒಬ್ಬರು. ವಾರದೊಳಗೆ ಅಮ್ಮನಿಗೊಂದು ಜಾಗ ಮಾಡಿಸಿ, ಶಿಫಾರಸು ಚೀಟಿ ಬರೆದು, ತಮ್ಮದೇ ಮೋಟಾರು ಕಳುಹಿಸಿದರು. ಆಗಲಾದರೂ ನೀನು ಬಾಯಿ ಬಿಡಬಹುದಿತ್ತು. ಕ್ಷಮಿಸಿ, ನಾನು ಹೇಳಿದ್ದು ಸುಳ್ಳು ಎಂದರೆ ಮುಗಿಯುತ್ತಿತ್ತು. ನೀನು ಅಮ್ಮನ ಸೀರೆ ಗಂಟು ಕಟ್ಟಿಸಿದೆ. "ಅದೊಂದು ಛತ್ರ ಕಣಮ್ಮಾ, ತೋಪು ಐತೆ, ತಂಪಾಗಿರ್ತದೆ, ಬಿಸಿಲು ಕಳೆಯೋ ತಂಕ ಇದ್ದು ಬಾ" ಎಂದೆಯಂತೆ. ಅಮ್ಮನ ಹತ್ತಿರ ಮಾತ್ರ ಈಗಲೂ ಊರಿನ ಮಾತು ಬರುತ್ತದೆ ನಿನಗೆ, ಮೋಸ ಮಾಡುವಾಗಲೂ.

ಮುನಿಶಾಮಪ್ಪ ಮನಸ್ಸು ತಡೆಯದೆ ನನಗೆ ಬಂದು ಹೇಳುವಷ್ಟರಲ್ಲಿ ಹನ್ನೊಂದು ದಿನವಾಗಿತ್ತು. ನಾನು ಓಡಿದೆ. ತೋಪಿನ ಬಾಗಿಲು ದಾಟಿದರೆ, ಒಳಗೆ ಅಮ್ಮ ನಗುತ್ತಿದ್ದಾಳೆ! ಮುಂದೊಂದು ಮುದ್ದೆಯ ಪಾತ್ರೆ, ಸುತ್ತ ಏಳೆಂಟು ಜನ ಕೂತಿದ್ದಾರೆ, ತುತ್ತು ಮುರಿದು ಮುರಿದು ಬಾಯಿಗೆ ಹಾಕುತ್ತಿದ್ದಾಳೆ. ನನ್ನ ದನಿ ಕೇಳಿ ಅವಳು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಓದಿಕೋ. "ಬಾರೇ ಅಂಜಿನೀ, ಇದು ಬೆರಳು ಕೊಟ್ಟವರ ಛತ್ರ ಕಣೇ. ಎಲ್ಲಾ ನಮ್ಮೋರೇ. ಈ ಮಹಾತಾಯಿ ನೋಡು, ಹತ್ತು ಬೆರಳೂ ಕೊಟ್ಬಿಟ್ಟವ್ಳೆ. ಎಷ್ಟು ಮಕ್ಕಳ ತಾಯೋ! ಗಂಡಸರೂ ಕೊಡ್ತಾರೆ ಈ ಸೀಮೇಲಿ, ಎಂಥಾ ಒಳ್ಳೆ ಗಂಡಸರೋ. ನಾನು ಎರಡೇ ಕೊಟ್ಟಿರೋದು ಅನ್ನೋಕೆ ನಾಚಿಕೆಯಾಯ್ತದೆ ಕಣೇ." ಅವಳ ಮಂಜುಗಣ್ಣಿಗೆ ಬೇರೇನೂ ಕಂಡಿರಲಿಲ್ಲ. ಅಲ್ಲಿದ್ದವರು ಯಾರೂ ಅವಳನ್ನು ತಿದ್ದಿರಲಿಲ್ಲ. ಅಲ್ಲಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈ ಅಜ್ಜಿಗೆ ಯಾವ ರೋಗವೂ ಇಲ್ಲ, ಬಂದ ದಿನವೇ ತಿಳಿಯಿತು, ಆದರೆ ಚೀಟಿ ದೊಡ್ಡವರದು ನೋಡಿ ಎಂದು ಕೈ ಹಿಸುಕಿಕೊಂಡರು. ನಾನು ಅಮ್ಮನನ್ನು ಕರೆದುಕೊಂಡು ಬಂದೆ. ಅದು ಎಂಥ ಜಾಗವೆಂದು ಅವಳಿಗೆ ಈವತ್ತಿನವರೆಗೂ ಹೇಳಿಲ್ಲ.

ನಾನು ಹೇಳದಿದ್ದರೇನು, ಬೇರೆಯವರು ಹೇಳಿದರು. ಬೈರಣ್ಣನ ಭಾವಮೈದ ನಿನ್ನ ಕಚೇರಿಯಲ್ಲಿ ಜವಾನ. ಅಲ್ಲೆಲ್ಲ ನಿನ್ನ ಮಾತೃಭಕ್ತಿಯದೇ ಕಥೆಯಂತೆ. ಅದು ಸೂಲಿಬೆಲೆಗೆ ಬಂತು. ಬೈರಣ್ಣ ಕೆಟ್ಟವನಲ್ಲ, ನಮ್ಮದೇ ಕುಲ, ಅವನ ಅಜ್ಜಿಯೂ ಬೆರಳು ಕೊಟ್ಟವಳೇ. ನಾನು ಪಾಸುಪುಸ್ತಕ ತೆಗೆದುಕೊಂಡು ಹೋಗಿ ತೋರಿಸಿದೆ. ಅವನು ಅದನ್ನು ಓದಿಸಿ ಕೇಳಿ, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಅಂದ: "ಇದು ಇಪ್ಪತ್ತೈದು ವರ್ಷದ ಮಾತು ಕಣಕ್ಕಾ. ರೋಗ ಆಮೇಕೆ ಬಂದಿರಬೌದು. ಅಷ್ಟು ದೊಡ್ಡ ಮನುಷ್ಯ ಹೆತ್ತ ತಾಯಿ ಮ್ಯಾಲೆ ಸುಳ್ಳು ಯೇಳ್ತಾನಾ?" ಇದಕ್ಕೆ ನಾನೇನು ಉತ್ತರ ಕೊಡಲಿ, ನೀನೇ ಹೇಳು. ಹೌದಪ್ಪಾ, ಹೇಳುತ್ತಾನೆ, ಹೇಳಿದ್ದಾನೆ ಎಂದೆ. ಅವನು ನನ್ನನ್ನೇ ಸುಳ್ಳಿಯನ್ನು ನೋಡುವ ಹಾಗೆ ನೋಡಿದ. ಮಗಳ ಮದುವೆಗೆ ಈ ವಿಧವೆ ಏನು ಬೇಕಾದರೂ ಹೇಳುತ್ತಾಳೆ ಎಂದುಕೊಂಡಿರಬೇಕು. ಕೊನೆಗೆ ಅವನೇ ಈ ದಾರಿ ಹೇಳಿದ. ಮಗ ಬಂದು ಐದು ಜನರ ಎದುರು ತಾಯಿಯ ಕೈಮುದ್ದೆ ಉಣ್ಣಲಿ, ನಾನು ಅಲ್ಲೇ ತಾಂಬೂಲ ಬದಲಾಯಿಸುತ್ತೇನೆ ಎಂದ.

ಮುತ್ಯಾಲುವಿಗೆ ಹದಿನೇಳು ತುಂಬಿತು. ಹುಡುಗ ಅವಳಿಗೆ ಇಷ್ಟವಾಗಿದ್ದಾನೆ, ಬಾಯಿಬಿಟ್ಟು ಹೇಳಿಲ್ಲ, ನನಗೆ ತಿಳಿಯದೇ? ಸುದ್ದಿ ಕೇಳಿದ ಮೇಲೆ ಅವಳು ಅಜ್ಜಿಯ ಪಕ್ಕ ಮಲಗುವುದನ್ನು ಬಿಟ್ಟಳು. ಸುಳ್ಳೆಂದು ಅವಳಿಗೆ ಗೊತ್ತು, ಆದರೂ ಬಿಟ್ಟಳು. ಅಮ್ಮ ಕತ್ತಲಲ್ಲಿ ಪಕ್ಕ ತಡವಿ, ಹುಡುಗಿ ದೊಡ್ಡವಳಾದಳು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ನಿನ್ನ ಮಾತು ನಮ್ಮ ಹಾಸಿಗೆಯವರೆಗೂ ಬಂದಿದೆ, ಅಣ್ಣಾ.

ನಮ್ಮ ಕುಲಕ್ಕೆ ಈ ಪದ್ಧತಿ ಹೇಗೆ ಬಂತೆಂದು ಅಮ್ಮ ಹೇಳುತ್ತಿದ್ದ ಕಥೆ ಮರೆತಿಲ್ಲ ತಾನೇ? ರಕ್ಕಸ ಅಟ್ಟಿಸಿಕೊಂಡು ಬಂದಾಗ ಶಿವ ತೊಂಡೆಬಳ್ಳಿಯ ಪೊದೆಯಲ್ಲಿ ಅಡಗಿದ. ಹೊಲದಲ್ಲಿ ಉಳುತ್ತಿದ್ದ ನಮ್ಮವನನ್ನು ರಕ್ಕಸ ಕೇಳಿದ. ಅವನಿಗೆ ದೇವರದೂ ಭಯ, ರಕ್ಕಸನದೂ ಭಯ. ಬಾಯಲ್ಲಿ ಕಾಣೆ ಎಂದ, ಕಿರುಬೆರಳಲ್ಲಿ ಪೊದೆ ತೋರಿಸಿದ. ಆಮೇಲೆ ಶಿವ ಆ ಬೆರಳನ್ನೇ ಕೇಳಿದಾಗ ಬುತ್ತಿ ತಂದಿದ್ದ ಹೆಂಡತಿ ಅಡ್ಡ ಬಿದ್ದಳು. ಇದು ಉಳುವ ಕೈ, ಮನೆಗೆಲ್ಲ ಅನ್ನ ಇದರಿಂದ, ಅದರ ಬದಲು ನನ್ನವು ಎರಡು ತೆಗೆದುಕೋ ಎಂದಳು. ಚಿಕ್ಕವನಿದ್ದಾಗ ನೀನು ಈ ಕಥೆ ಕೇಳಿ, ಆ ಗಂಡಸನ್ನು ನಾನಾಗಿದ್ದರೆ ಒದೆಯುತ್ತಿದ್ದೆ ಎಂದಿದ್ದೆ. ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ದಸರೆಯ ದರ್ಬಾರಿನಲ್ಲಿ ನಿನಗೆ ಬಿರುದು ಬರುತ್ತದೆಂದು ಕೇಳಿದೆ. ಬರಲಿ, ಅಮ್ಮನಿಗೆ ಹೇಳಿದೆ, ಕುಣಿಯುವುದೊಂದು ಬಾಕಿ. ಆಡಿದ ಮಾತು ತಿರುಗಿಸಿದರೆ ಬಿರುದು ತಪ್ಪೀತೆಂಬ ಭಯವಿದ್ದರೆ ಬೆಂಗಳೂರಿನಲ್ಲಿ ಯಾರ ಹತ್ತಿರವೂ ಏನೂ ಹೇಳಬೇಡ. ಶುಕ್ರವಾರ ಬಂದು ಸುಮ್ಮನೆ ಉಂಡು ಹೋಗು. ಬಾಯಿಯನ್ನು ತುತ್ತಿಗೆ ಮಾತ್ರ ತೆರೆ, ಅಷ್ಟು ಸಾಕು. ಅವರೆಕಾಳು ಇನ್ನೂ ಬಂದಿಲ್ಲ, ಹುರುಳಿ ಬಸ್ಸಾರು ಮಾಡಿರುತ್ತೇನೆ, ನಿನಗೆ ಇಷ್ಟ. ನೀನು ಬರದಿದ್ದರೆ ನಾನು ಪಾಸುಪುಸ್ತಕ ಹಿಡಿದು, ಅಮ್ಮನನ್ನೂ ಕರೆದುಕೊಂಡು, ದರ್ಬಾರಿನ ಹಿಂದಿನ ದಿನ ನಿನ್ನ ಬಂಗಲೆಯ ಗೇಟಿನಲ್ಲಿ ಬಂದು ಕೂರುತ್ತೇನೆ. ಹೋಗುವವರು ಬರುವವರಿಗೆಲ್ಲ ಓದಿ ಹೇಳುತ್ತೇನೆ. ನಾನು ಆಡಿದರೆ ಮಾಡುವವಳು, ನಿನಗೆ ಗೊತ್ತು.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ. ನೀನು ನೂರು ಕಾಲ ಚೆನ್ನಾಗಿರು ಎಂದು ಅಮ್ಮ ಬರೆಸಿದ್ದಾಳೆ, ಅದು ಅವಳ ಮಾತು. ನನ್ನ ಮಾತು ಶುಕ್ರವಾರ ಬಾ ಎಂಬುದು ಮಾತ್ರ.

ಇಂತಿ ನಿನ್ನ ತಂಗಿ,
ಅಂಜಿನಮ್ಮ

ಮತ್ತೆ ಸೇರಿಸಿದ್ದು: ಹೊಸಕೋಟೆ, ಮಂಗಳವಾರ. ಪೆಟ್ರೋಲಿಲ್ಲದೆ ಬಸ್ಸಿಗೆ ಇದ್ದಿಲು ತುಂಬುತ್ತಿದ್ದಾರೆ, ಹೊರಡುವುದರೊಳಗೆ ಬರೆದು ಡಬ್ಬಿಗೆ ಹಾಕಬೇಕು. ಅಂಚೆಯವನು ಬಾರದೆ ಈ ಕಾಗದ ನನ್ನ ಚೀಲದಲ್ಲೇ ಉಳಿದಿತ್ತು. ಭಾನುವಾರ ಬೈರಣ್ಣ ದೇವನಹಳ್ಳಿಗೆ ಬಂದವನು ಇಬ್ಬರು ಹಿರಿಯರ ಜೊತೆ ಹೇಳದೆ ಕೇಳದೆ ಮನೆಗೆ ಬಂದುಬಿಟ್ಟ. ನಾನು ಹೊಲದಿಂದ ಓಡಿ ಬರುವಷ್ಟರಲ್ಲಿ ಅಮ್ಮನನ್ನೇ ಕೇಳಿದ್ದ, ನಿನಗೆ ದೊಡ್ಡ ರೋಗ ಇತ್ತಂತೆ, ನಿನ್ನ ಮಗನೇ ಹೇಳಿದ್ದಂತೆ, ನಿಜವಾ ಎಂದು. ಅಮ್ಮ ಬಲಗೈಯನ್ನು ಎಡಗೈಯಲ್ಲಿ ಸವರಿಕೊಂಡಳು. ಆಮೇಲೆ "ನನ್ನ ಮಗ ಯೇಳಿದ್ನಾ? ಅವನ ಬಾಯಲ್ಲೇ?" ಎಂದು ಎರಡು ಸಲ ಕೇಳಿದಳು. ಹೌದು ಎಂದರು. "ಅಂಗಾದ್ರೆ ದಿಟ ಕಣಪ್ಪಾ. ಸರ್ಕಾರದ ದುಡ್ಡು ಕಾಯೋನು, ಸುಳ್ಳು ಯೇಳಾಕಿಲ್ಲ. ಇತ್ತು ನಂಗೆ ರೋಗ" ಎಂದಳು. ನಾನು ಕೂಗಾಡಿದೆ, ಅತ್ತುಬಿಟ್ಟೆ, ಪುಸ್ತಕ ತಂದು ಎಸೆದೆ. ಅವಳು ನನ್ನ ಕಡೆ ತಿರುಗಿ ಸುಮ್ಮನಿರೇ ಎಂದಳು. ಅಂಥ ದನಿ ನಾನು ಅವಳಲ್ಲಿ ಕೇಳಿಯೇ ಇಲ್ಲ. ಬೈರಣ್ಣ ಎದ್ದು ನಿಂತ. ಬಾಗಿಲ ಹಿಂದೆ ಮುತ್ಯಾಲು ಬಿಕ್ಕುವುದು ಅವನಿಗೂ ಕೇಳಿಸಿತು. ಹೋಗುವ ಮುಂಚೆ, ಮುದುಕಿ ಮನೆಯಲ್ಲಿ ಇಲ್ಲದಿದ್ದರೆ, ಹುಡುಗಿಗೆ ಅವಳ ನೆಂಟಸ್ತಿಕೆ ಹೇಳದಿದ್ದರೆ, ನಮ್ಮ ಜನರನ್ನು ಒಪ್ಪಿಸುತ್ತೇನೆ ಎಂದ. ಅಮ್ಮ ಆಗಲೇ ಸೀರೆ ಗಂಟು ಕಟ್ಟುತ್ತಿದ್ದಳು. ಆ ಛತ್ರಕ್ಕೇ ಬಿಟ್ಟು ಬಾರೇ ಎಂದಳು.

ನಾನು ಬೇಡ ಎನ್ನಲಿಲ್ಲ, ಅಣ್ಣಾ. ಎರಡು ದಿನ ಇತ್ತು ನನಗೆ. ಬೇಡ ಎನ್ನಲು ಎರಡು ದಿನ ಇತ್ತು. ಮುತ್ಯಾಲುವಿನ ಮುಖ ನೋಡಿದೆ, ಸುಮ್ಮನಾದೆ. ನಿನಗೆ ಬಿರುದು, ನನಗೆ ಅಳಿಯ. ನಿನ್ನನ್ನು ಬೈದು ಮೇಲೆ ಇಷ್ಟುದ್ದ ಬರೆದಿದ್ದೇನಲ್ಲ, ಹರಿದು ಹಾಕೋಣವೆಂದುಕೊಂಡೆ, ಇರಲಿ ಎಂದು ಬಿಟ್ಟೆ. ಬಸ್ಸಿನಲ್ಲಿ ಅಮ್ಮ ಒಂದೇ ಒಂದು ಮಾತು ಕೇಳಿದಳು. "ಅಂಗಾದ್ರೆ ಅಲ್ಲಿರೋರು ಯಾರೂ ಬೆರಳು ಕೊಟ್ಟವರಲ್ವೇನೇ? ಅಯ್ಯೋ ಪಾಪ, ಅವರ ಬೆರಳೆಲ್ಲ ಸುಮ್ಸುಮ್ನೆ ಹೋದ್ವಲ್ಲ." ತನ್ನವು ಸುಮ್ಮನೆ ಹೋಗಲಿಲ್ಲವೆಂದು ಅವಳಿಗೆ ಸಮಾಧಾನ. ಆಶ್ರಮದಲ್ಲಿ ಹಳೆಯ ಶಿಫಾರಸು ಚೀಟಿ ಹಾಗೇ ಇತ್ತು, ಡಾಕ್ಟರು ತಲೆ ತಗ್ಗಿಸಿಕೊಂಡರು. ಕಾಯಮ್ಮಾಗಿ ಇರುವವರಿಗೆ ರಿಜಿಸ್ಟರು ತುಂಬಬೇಕಂತೆ. ಗುಮಾಸ್ತನಿಗೆ ರಜ, ನನಗೆ ಬರೆಯಲು ಬರುತ್ತದೆಂದು ನನ್ನ ಕೈಗೇ ಕೊಟ್ಟರು. ಅಮ್ಮ ಹೇಳಿದ ಹಾಗೆ ಬರೆದೆ. ಗುರುತು: ಬಲಗೈಯ ಎರಡು ಬೆರಳಿಗೆ ತುದಿಯಿಲ್ಲ, ರೋಗದಿಂದ ಹೋದದ್ದು. ಮಕ್ಕಳು: ಇಲ್ಲ. ನೀನು ಮರಳಿನ ಮೇಲೆ ತಿದ್ದಿಸಿದ ಅಕ್ಷರವೇ, ಈ ಸಲ ಸೊಟ್ಟಗಾಗಲಿಲ್ಲ. ಬಸ್ಸು ಕೂಗುತ್ತಿದೆ. ಶುಕ್ರವಾರ ನೀನು ಬರುವುದು ಬೇಡ.